ಯೂಕಾನ್‌ನ ಸಣ್ಣ ಊರುಗಳ ಮ್ಯೂಸಿಯಂ ನೋಡಾಕ ಆಗಸ್ಟ್ ಕೊನೇ ವಾರ ಸರಿ ಏನು?

ಹಳೇ_ಕಬ್ಬಿಣ ಕೇಳಿದ್ದು:

ನಮಸ್ಕಾರ್ರಿ ಎಲ್ಲಾರಿಗೂ. ಆಗಸ್ಟ್ 22ರಿಂದ 29ರ ತನಕ ಎಂಟು ದಿನ ಕೆನಡಾದ ಯೂಕಾನ್‌ಗೆ ಹೋಗೋದದ. ಕ್ಯಾಲ್ಗರಿಯಿಂದ ವೈಟ್‌ಹಾರ್ಸ್‌ಗೆ ವಿಮಾನ, ಅಲ್ಲಿಂದ ಮುಂದ ಬಾಡಿಗಿ ಕಾರು. ಕರಡಿ, ಅರೋರಾ ಸಿಕ್ರ ಸಿಗ್ಲಿ, ಬಿಟ್ರ ಬಿಡ್ಲಿ. ಮುಖ್ಯ ನೋಡಬೇಕಾಗಿದ್ದು ಸಣ್ಣ ಊರಿನ ಮ್ಯೂಸಿಯಂ: ಟೆಸ್ಲಿನ್, ಮೇಯೊ, ಕೀನೊ, ಡಾಸನ್. ಕೇಳೋದಿಷ್ಟು:

ಆ ಹೊತ್ತಿಗೆ ಇವೆಲ್ಲಾ ತೆರೆದಿರ್ತಾವೇನು? ಡಾಸನ್‌ದಾಗ ಉಳಕೊಂಡು ಕೀನೊ ಒಂದೇ ದಿನದಾಗ ನೋಡಿ ಬರಬಹುದೇನು? ಜೋಡಿ ಅಪ್ಪ ಇರ್ತಾರ, 71 ವರ್ಷ, ಮೊಣಕಾಲು ತ್ರಾಸು. ಇನ್ನೊಂದು, ಇಂಥಾ ಮ್ಯೂಸಿಯಂ ಹತ್ತು ನಿಮಿಷದಾಗ ಮುಗೀತಾವು, ಅಷ್ಟು ದೂರ ಹೋಗೂದು ದಂಡ ಅಂತಾರ. ಖರೇ ಏನು?

ಬೀಗದಕೈ ಉತ್ತರ:

ಮೊದಲನೇ ಪ್ರಶ್ನೆಗೆ. ಆಗಸ್ಟ್ ಕೊನೆ ವಾರ ಅಂದ್ರೆ ಸೀಸನ್ನಿನ ಅಂಚು. ಅಲ್ಲಿನ ಹಳ್ಳಿ ಮ್ಯೂಸಿಯಂಗಳು ಸಾಮಾನ್ಯವಾಗಿ ಮೇ ಕೊನೆಗೋ ಜೂನ್ ಶುರುವಿಗೋ ಬಾಗಿಲು ತೆಗೆದು ಸೆಪ್ಟೆಂಬರ್‌ನಲ್ಲಿ ಮುಚ್ಚುತ್ತವೆ. ಆದರೆ ಬೋರ್ಡಿನಲ್ಲಿ ಸೆಪ್ಟೆಂಬರ್ ಅಂತ ಬರೆದಿದ್ದರೂ ಆಗಸ್ಟ್ 20 ದಾಟಿದ ಮೇಲೆ ಸಮಯ ಕಡಿಮೆಯಾಗೋದುಂಟು. ಯಾಕಂದ್ರೆ ಕೌಂಟರಿನಲ್ಲಿ ಕೂರೋರು, ಜೊತೆಗೆ ಬಂದು ವಿವರಿಸೋರು ಹೆಚ್ಚಾಗಿ ಕಾಲೇಜು ಹುಡುಗ ಹುಡುಗಿಯರು. ಅವರ ಸಂಬಳಕ್ಕೆ ಕೆನಡಾ ಸಮ್ಮರ್ ಜಾಬ್ಸ್, ಯಂಗ್ ಕೆನಡಾ ವರ್ಕ್ಸ್ ಥರದ ಕೇಂದ್ರ ಸರ್ಕಾರದ ಯೋಜನೆಗಳ ದುಡ್ಡು. ಸೆಪ್ಟೆಂಬರ್ ಮೊದಲಿಗೆ ಕ್ಲಾಸು ಶುರುವಾಗುತ್ತೆ, ಅವರು ಗಂಟುಮೂಟೆ ಕಟ್ಟುತ್ತಾರೆ. ಆಮೇಲೆ ಉಳಿಯೋದು ಊರಿನ ಒಬ್ಬರೋ ಇಬ್ಬರೋ. ಅವರು ಆಸ್ಪತ್ರೆಗೆ ಹೋದ ದಿನ ಮ್ಯೂಸಿಯಂಗೂ ಬೀಗ.

ಚಳಿಗಾಲದಲ್ಲಿ ತೆರೆಯೋ ಮಾತೇ ಇಲ್ಲ. ಹಳೇ ಮರದ ಕಟ್ಟಡಗಳನ್ನ ಮೈನಸ್ 40ರಲ್ಲಿ ಬೆಚ್ಚಗಿಡೋ ಖರ್ಚು ಯಾವ ಹಳ್ಳಿಗೂ ತಡೆಯಲ್ಲ. ಹಾಗಾಗಿ ನೀರಿನ ಪೈಪು ಖಾಲಿ ಮಾಡಿ ಮುಚ್ಚಿಬಿಡುತ್ತಾರೆ. ನೀವು ಹೋಗೋ ಹೊತ್ತಿಗೂ ಕೆಲವು ಕಟ್ಟಡಗಳ ಒಳಗೆ ಹೊರಗಿಗಿಂತ ತಣ್ಣಗಿರುತ್ತೆ. ತಂದೆಯವರ ಜಾಕೆಟ್ ಕಾರಿನಲ್ಲಿ ಬಿಡಬೇಡಿ.

ಗೂಗಲ್ ಮ್ಯಾಪಿನ ಸಮಯ ನಂಬಿ ಹೊರಡಬೇಡಿ. ಒಂದು ವಾರ ಮುಂಚೆ ಒಂದು ಸಲ, ಹಿಂದಿನ ದಿನ ಇನ್ನೊಂದು ಸಲ ಫೋನ್ ಮಾಡಿ. "ತೆರೆದಿದೆಯಾ" ಅಂತ ಕೇಳಿದ್ರೆ "ಹೌದು" ಅಂತಷ್ಟೇ ಉತ್ತರ ಬರುತ್ತೆ. ಕೇಳಬೇಕಾದ್ದು: ಆ ದಿನ ಕೊನೆಯ ಪ್ರವೇಶ ಎಷ್ಟು ಗಂಟೆಗೆ, ಎಲ್ಲಾ ಕೋಣೆಗಳೂ ತೆರೆದಿರುತ್ತವಾ, ಮೆಟ್ಟಿಲು ಎಷ್ಟು, ಜೊತೆಗೆ ಬಂದು ತೋರಿಸೋರು ಯಾವ ಹೊತ್ತಿಗೆ ಇರ್ತಾರೆ. ಯಾರೂ ಎತ್ತದಿದ್ರೆ ಧ್ವನಿ ಸಂದೇಶ ಬಿಡಿ: ಎಷ್ಟು ಜನ, ಯಾವ ದಿನ, ಸುಮಾರು ಎಷ್ಟು ಗಂಟೆಗೆ ಅಂತ. ದೂರದಿಂದ ಬರ್ತಿದ್ದಾರೆ ಅಂತ ಗೊತ್ತಾದ್ರೆ ಬೀಗದಕೈ ಹಿಡಿದು ಯಾರಾದರೂ ಬರೋ ಸಾಧ್ಯತೆ ಸಣ್ಣ ಊರಲ್ಲೇ ಜಾಸ್ತಿ.

ಫೋನ್ ಮಾಡುವಾಗ ಗಡಿಯಾರ ನೋಡಿಕೊಳ್ಳಿ. ಯೂಕಾನ್ 2020ರಿಂದ ಗಡಿಯಾರ ಹಿಂದೆಮುಂದೆ ಮಾಡೋದನ್ನ ನಿಲ್ಲಿಸಿದೆ. ಬೇಸಿಗೆಯಲ್ಲಿ ಕ್ಯಾಲ್ಗರಿ ಅಲ್ಲಿಗಿಂತ ಒಂದು ಗಂಟೆ ಮುಂದಿರುತ್ತೆ.

ನಗದು ಇಟ್ಟುಕೊಳ್ಳಿ, 5 ಮತ್ತು 10 ಡಾಲರ್ ನೋಟುಗಳಲ್ಲಿ. ಇಂಟರ್ನೆಟ್ ಹೋದ್ರೆ ಕಾರ್ಡ್ ಮಷೀನೂ ಹೋಯ್ತು. ಕೆಲವು ಕಡೆ ಟಿಕೆಟ್ಟೇ ಇಲ್ಲ, ಡಬ್ಬಿ ಮಾತ್ರ. ಸಂದರ್ಶಕರ ಪುಸ್ತಕದಲ್ಲಿ ಹೆಸರು, ಊರು ಬರೆಯೋದನ್ನ ತಪ್ಪಿಸಬೇಡಿ. ಮುಂದಿನ ವರ್ಷದ ಅನುದಾನಕ್ಕೆ ಅರ್ಜಿ ಹಾಕುವಾಗ ಅವರು ತೋರಿಸೋ ಲೆಕ್ಕ ಅದೇ.

ಜಲ್ಲಿರಸ್ತೆ ಉತ್ತರ:

ಡಾಸನ್‌ನಲ್ಲಿದ್ದು ಕೀನೊ ಒಂದೇ ದಿನದಲ್ಲಿ? ಬೇಡ. ಡಾಸನ್‌ನಿಂದ ಸ್ಟೂವರ್ಟ್ ಕ್ರಾಸಿಂಗ್ ಸುಮಾರು 180 ಕಿ.ಮೀ., ಅಲ್ಲಿಂದ ಮೇಯೊ 53, ಮೇಯೊದಿಂದ ಕೀನೊ ಸುಮಾರು 60. ಹೋಗೋದೇ 290 ದಾಟುತ್ತೆ, ಬರೋದೂ ಅಷ್ಟೇ. ಮ್ಯೂಸಿಯಂ ಸಂಜೆ ಮುಚ್ಚುತ್ತೆ, ನೀವು ಇಡೀ ದಿನ ಕಾರಿನಲ್ಲೇ. ತಂದೆಯವರ ಮೊಣಕಾಲಿಗೂ ಅದು ಶಿಕ್ಷೆ.

ದಾರಿ ಹೀಗೆ ಹಾಕಿಕೊಳ್ಳಿ. ಮೊದಲ ದಿನ ವೈಟ್‌ಹಾರ್ಸ್. ಎರಡನೇ ದಿನ ಟೆಸ್ಲಿನ್‌ಗೆ ಹೋಗಿ ವಾಪಸ್, ಒಂದು ಕಡೆಗೆ ಸುಮಾರು 180 ಕಿ.ಮೀ. ಮೂರನೇ ದಿನ ಕ್ಲಾಂಡೈಕ್ ಹೆದ್ದಾರಿ ಹಿಡಿದು ಕಾರ್‌ಮ್ಯಾಕ್ಸ್, ಪೆಲ್ಲಿ ಕ್ರಾಸಿಂಗ್ ದಾಟಿ ಸ್ಟೂವರ್ಟ್ ಕ್ರಾಸಿಂಗ್‌ನಲ್ಲಿ ಬಲಕ್ಕೆ ತಿರುಗಿ ಮೇಯೊದಲ್ಲಿ ರಾತ್ರಿ. ನಾಲ್ಕನೇ ದಿನ ಬೆಳಿಗ್ಗೆ ಕೀನೊ, ಸಂಜೆ ಮತ್ತೆ ಮೇಯೊ. ಐದನೇ ದಿನ ಡಾಸನ್, ಅಲ್ಲಿ ಎರಡು ರಾತ್ರಿ. ಏಳನೇ ದಿನ ವೈಟ್‌ಹಾರ್ಸ್‌ಗೆ 530 ಕಿ.ಮೀ. ಒಂದು ದಿನ ಕೈಯಲ್ಲಿ ಉಳಿಯುತ್ತೆ. ಅದನ್ನ ಖಾಲಿ ಬಿಡಿ, ಕಾಳ್ಗಿಚ್ಚಿಗೆ ರಸ್ತೆ ಮುಚ್ಚಿದ್ರೆ ಬೇಕಾಗುತ್ತೆ. ಬೆಳಿಗ್ಗೆ ಹೊರಡೋ ಮುಂಚೆ ರಸ್ತೆ ಸ್ಥಿತಿ ತಿಳಿಸೋ 511 ಯೂಕಾನ್ ವೆಬ್‌ಪುಟ ನೋಡೋದು ಅಭ್ಯಾಸ ಮಾಡಿಕೊಳ್ಳಿ. ಆಗಸ್ಟ್ ಮೂರನೇ ಸೋಮವಾರದ ಡಿಸ್ಕವರಿ ಡೇ ರಜೆ ಕಳೆದ ಮೇಲೆ ಹೋಗ್ತಿದ್ದೀರಿ, ಹಾಗಾಗಿ ಡಾಸನ್‌ನಲ್ಲಿ ರೂಮಿನ ಗಲಾಟೆ ಸ್ವಲ್ಪ ಇಳಿದಿರುತ್ತೆ. ಮೇಯೊದಲ್ಲಿ ರೂಮುಗಳೇ ಕಮ್ಮಿ, ಅದನ್ನ ಮೊದಲು ಬುಕ್ ಮಾಡಿ.

ಪೆಟ್ರೋಲ್: ಪೆಲ್ಲಿ ಕ್ರಾಸಿಂಗ್‌ನಲ್ಲಿ ತುಂಬಿಸಿ. ಸ್ಟೂವರ್ಟ್ ಕ್ರಾಸಿಂಗ್ ಪಂಪನ್ನ ಲೆಕ್ಕಕ್ಕೆ ಹಿಡಿಯಬೇಡಿ. ಕೀನೊದಲ್ಲಿ ಪಂಪೇ ಇಲ್ಲ, ಚಳಿಗಾಲಕ್ಕೂ ಅಲ್ಲೇ ಇರೋರು ಸುಮಾರು ಇಪ್ಪತ್ತು ಜನ. ಮೇಯೊದಲ್ಲಿ ಟ್ಯಾಂಕ್ ಪೂರ್ತಿ ಮಾಡಿದ್ರೆ ಕೀನೊ ನೋಡಿ ವಾಪಸ್ ಬಂದು ಡಾಸನ್ ಮುಟ್ಟೋಕೆ ಸುಮಾರು 350 ಕಿ.ಮೀ. ಸಾಮಾನ್ಯ ಕಾರಿಗೆ ಸಾಕು. ಆದರೂ ಕೀನೊದಿಂದ ವಾಪಸ್ ಬರುವಾಗ ಮೇಯೊದಲ್ಲಿ ಇನ್ನೊಂದಿಷ್ಟು ಹಾಕಿಸಿಕೊಳ್ಳಿ.

ಮೇಯೊ ದಾಟಿ ಸ್ವಲ್ಪ ದೂರಕ್ಕೆ ಡಾಂಬರು ಮುಗಿದು ಜಲ್ಲಿ ರಸ್ತೆ ಶುರು. ಬಾಡಿಗೆ ಕಾರಿನ ಕರಾರಿನಲ್ಲಿ ಜಲ್ಲಿ ರಸ್ತೆಗೆ ಅನುಮತಿ ಇದೆಯಾ, ಗಾಜು ಒಡೆದರೆ ವಿಮೆ ಕೊಡುತ್ತಾ, ಇದನ್ನ ಸಹಿ ಹಾಕೋ ಮುಂಚೆ ಕೇಳಿ. ಡಿಕ್ಕಿ ತೆಗೆದು ಸ್ಟೆಪ್ನಿ ನೋಡಿ: ಸೈಕಲ್ ಚಕ್ರದಂಥ ತೆಳು ಸ್ಟೆಪ್ನಿಯಾದ್ರೆ ಪೂರ್ತಿ ಗಾತ್ರದ್ದು ಕೇಳಿ ಪಡೆಯಿರಿ. ಎದುರಿಗೆ ಲಾರಿ ಬಂದಾಗ ಬಲಕ್ಕೆ ಸರಿದು ನಿಧಾನ ಮಾಡಿ. ಗಾಜು ಒಡೆಯೋದು ಎರಡೂ ಗಾಡಿಗಳ ವೇಗ ಕೂಡಿದಾಗ. ಊರು ಬಿಟ್ಟು ಒಂದೆರಡು ಕಿ.ಮೀ. ಹೋದ್ರೆ ಮೊಬೈಲ್ ಸಿಗ್ನಲ್ ಇಲ್ಲ, ಮ್ಯಾಪ್ ಇಳಿಸಿಟ್ಟುಕೊಳ್ಳಿ. ಊಟಕ್ಕೆ ವೈಟ್‌ಹಾರ್ಸ್‌ನಲ್ಲೇ ಸಾಮಾನು ಕಟ್ಟಿಕೊಳ್ಳಿ. ಸಸ್ಯಾಹಾರಿಗಳಾದ್ರೆ ಅವಲಕ್ಕಿ, ಚಟ್ನಿಪುಡಿ ಇದ್ರೆ ಬದುಕಿದಿರಿ.

ಜಲಗಾರ ಉತ್ತರ:

ಹತ್ತು ನಿಮಿಷದ ಪ್ರಶ್ನೆಗೆ ನಾನು. ಗಾಜಿನ ಪೆಟ್ಟಿಗೆಗಳ ಮುಂದೆ ನಡೀತಾ ಹೋದ್ರೆ ಖಂಡಿತ ಹತ್ತೇ ನಿಮಿಷ. ಒಂದೇ ಒಂದು ವಸ್ತುವಿನ ಬೆನ್ನು ಹತ್ತಿ, ಆಗ ಮೂರು ದಿನವೂ ಸಾಲದು. ಜಲ್ಲಿರಸ್ತೆಯವರು ಹೇಳಿದ ಕ್ರಮ ಇದಕ್ಕೆ ಸರಿಯಾಗಿ ಹೊಂದುತ್ತೆ.

ಕೀನೊ ಬೆಟ್ಟದಲ್ಲಿ 1919ರಲ್ಲಿ ಬೆಳ್ಳಿ ಸಿಕ್ಕಿತು. ಬೆಳ್ಳಿ ಅಂದ್ರೆ ಹೊಳೆಯೋ ಬೆಳ್ಳಿಯಲ್ಲ, ಗಲೀನಾ ಅನ್ನೋ ಸೀಸದ ಅದಿರಿನೊಳಗೆ ಬೆರೆತ ಬೆಳ್ಳಿ. ಕೀನೊ ಮ್ಯೂಸಿಯಂ ಇರೋದು 1920ರ ದಶಕದ ಒಂದು ನೃತ್ಯಶಾಲೆಯಲ್ಲಿ. ಅಲ್ಲಿ ಗಲೀನಾ ಕಲ್ಲು ಕಂಡ್ರೆ ಎತ್ತಿ ನೋಡಬಹುದಾ ಅಂತ ಕೇಳಿ. ಲೀಟರ್ ಬಾಟಲಿಯಷ್ಟು ಗಾತ್ರದ ಗಲೀನಾ ಏಳೂವರೆ ಕಿಲೋ ತೂಗುತ್ತೆ. ಅಷ್ಟೇ ಗಾತ್ರದ ಬೆಣಚುಕಲ್ಲು ಎರಡೂವರೆ ಕಿಲೋ ಚಿಲ್ಲರೆ. ಮುಟ್ಟಿದ ಮೇಲೆ ಕೈ ತೊಳೀರಿ, ಅದು ಸೀಸ.

ಈಗ ಈ ಭಾರವನ್ನ ರಸ್ತೆಯಿಲ್ಲದ ಕಾಲದಲ್ಲಿ ಸಾಗಿಸೋದು ಹೇಗೆ? ಅದಿರನ್ನ ಚೀಲಕ್ಕೆ ತುಂಬಿ, ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿದಾಗ ಮೊದಮೊದಲು ಕುದುರೆ ಬಂಡಿಯಲ್ಲಿ, ಆಮೇಲೆ ಟ್ರ್ಯಾಕ್ಟರ್‌ನಲ್ಲಿ ಮೇಯೊಗೆ ಎಳೆದು ತಂದು ನದಿ ದಡದಲ್ಲಿ ಒಟ್ಟುತ್ತಿದ್ದರು. ಮಂಜು ಕರಗಿ ನದಿ ಬಿಟ್ಟ ಮೇಲೆ ಹಿಂಬದಿ ಚಕ್ರದ ಹಬೆ ದೋಣಿ ಬಂದು ಒಯ್ಯುತ್ತಿತ್ತು. ಮೇಯೊದ ಬಿನೆ ಹೌಸ್ ಅನ್ನೋ ಮ್ಯೂಸಿಯಂನಲ್ಲಿ ಆ ಕಾಲದ ಫೋಟೋಗಳನ್ನ ನೋಡುವಾಗ ದಡದ ಚೀಲಗಳನ್ನ ಹುಡುಕಿ. ಆಮೇಲೆ ಡಾಸನ್‌ಗೆ ಹೋದಾಗ ನದಿ ದಡದಲ್ಲಿ ಎಸ್.ಎಸ್. ಕೀನೊ ನಿಂತಿದೆ. 1922ರಲ್ಲಿ ವೈಟ್‌ಹಾರ್ಸ್‌ನಲ್ಲಿ ಕಟ್ಟಿದ, ಸ್ಟೂವರ್ಟ್ ನದಿಯ ಅದಿರು ಸಾಗಾಣಿಕೆಗೇ ಮಾಡಿಸಿದ ದೋಣಿ. 1960ರಲ್ಲಿ ಕೊನೆಯ ಸಲ ಸಾಗಿ ಅಲ್ಲಿಗೆ ಬಂದು ನಿಂತಿದ್ದು. ಅದರ ತಳ ಎಷ್ಟು ಚಪ್ಪಟೆ ಅಂತ ಗಮನಿಸಿ. ಆಳವಿಲ್ಲದ ಸ್ಟೂವರ್ಟ್‌ನಲ್ಲಿ ಆಳದ ತಳದ ದೋಣಿ ಮರಳಿಗೆ ಸಿಕ್ಕಿಕೊಳ್ಳುತ್ತಿತ್ತು. ಕಲ್ಲು ಕೀನೊದಲ್ಲಿ, ಚೀಲ ಮೇಯೊದಲ್ಲಿ, ದೋಣಿ ಡಾಸನ್‌ನಲ್ಲಿ. ತಿರುವುಮುರುವಾಗಿ ನೋಡಿದ್ರೆ ದೋಣಿ ಬರೀ ಹಳೇ ದೋಣಿಯಾಗಿ ಕಾಣುತ್ತೆ.

ಡಾಸನ್ ಕಥೆ ಬೇರೆ, ಅದು ಚಿನ್ನ. ಕೆಜಿಎಫ್ ಮನಸ್ಸಿನಲ್ಲಿಟ್ಟುಕೊಂಡು ಹೋದ್ರೆ ಗೊಂದಲ ಆಗುತ್ತೆ. ಕೋಲಾರದ್ದು ಬಂಡೆಯೊಳಗಿನ ಚಿನ್ನ, ಮೂರು ಕಿ.ಮೀ.ಗೂ ಆಳಕ್ಕೆ ಇಳಿದು ಬಂಡೆ ಒಡೆದು ಪುಡಿ ಮಾಡಿ ತೆಗೆದದ್ದು. ಡಾಸನ್ ಸುತ್ತಲಿನ ಕ್ಲಾಂಡೈಕ್ ಪ್ರದೇಶದ್ದು ಹೊಳೆಯ ಜಲ್ಲಿಯಲ್ಲಿ ಬಿಡಿಬಿಡಿಯಾಗಿ ಕೂತ ಚಿನ್ನ. ಅಕ್ಕಸಾಲಿಗರ ಅಂಗಡಿ ಮುಂದಿನ ಕಸ ತೊಳೆದು ಚಿನ್ನ ಹೆಕ್ಕೋ ನಮ್ಮ ಜಲಗಾರರ ಕೆಲಸಕ್ಕೆ ಅದು ಹತ್ತಿರ. ನೀರಿನಲ್ಲಿ ಆಡಿಸಿದಾಗ ಮಣ್ಣು ತೇಲಿ ಹೋಗುತ್ತೆ, ಕಪ್ಪು ಕಬ್ಬಿಣದ ಮರಳು ತಳ ಹಿಡಿಯುತ್ತೆ, ಅದಕ್ಕಿಂತ ಮೂರುಪಟ್ಟು ಹೆಚ್ಚು ಸಾಂದ್ರವಾದ ಚಿನ್ನ ಇನ್ನೂ ಕೆಳಗೆ.

ಆದರೆ ಅಲ್ಲಿ ಜಲ್ಲಿಯೇ ವರ್ಷವಿಡೀ ಹೆಪ್ಪುಗಟ್ಟಿರುತ್ತೆ. ಹಾಗಾಗಿ ಮ್ಯೂಸಿಯಂನಲ್ಲಿ ಉದ್ದನೆ ಕಬ್ಬಿಣದ ಕೊಳವೆ, ತುದಿಗೆ ಗಟ್ಟಿ ಮೊನೆ ಇರೋದು ಕಂಡ್ರೆ ಅದನ್ನ ನೀರಿನ ಪೈಪು ಅಂದುಕೊಂಡು ದಾಟಿ ಹೋಗಬೇಡಿ. ಅದು ಸ್ಟೀಮ್ ಪಾಯಿಂಟ್. ನೆಲಕ್ಕೆ ಬಡಿದು ಒಳಗೆ ಹಬೆ ಬಿಟ್ಟು ಮಂಜುಗಟ್ಟಿದ ಮಣ್ಣು ಕರಗಿಸ್ತಿದ್ದರು. ಅದಕ್ಕೂ ಮುಂಚೆ ಗುಂಡಿಯಲ್ಲಿ ರಾತ್ರಿ ಸೌದೆ ಉರಿಸಿ, ಬೆಳಿಗ್ಗೆ ಕರಗಿದಷ್ಟನ್ನ ತೋಡಿ ಮೇಲೆ ಹಾಕೋದು. ಈ ಕೆಲಸ ಚಳಿಗಾಲದ್ದು, ಯಾಕಂದ್ರೆ ಬೇಸಿಗೆಯಲ್ಲಿ ಗುಂಡಿಗೆ ನೀರು ನುಗ್ಗುತ್ತೆ. ರಾಶಿ ಹಾಕಿದ ಜಲ್ಲಿಯನ್ನ ವಸಂತದಲ್ಲಿ ಹೊಳೆ ಕರಗಿದ ಮೇಲೆ ತೊಳೆಯೋದು. ಚಿನ್ನ ಸಿಕ್ಕಿತೋ ಇಲ್ಲವೋ ಅಂತ ಪೂರ್ತಿ ಗೊತ್ತಾಗೋದು ಆಗ.

ಡಾಸನ್ ಹತ್ತಿರವಾಗುತ್ತಿದ್ದಂತೆ ರಸ್ತೆ ಪಕ್ಕ ದೊಡ್ಡ ಹುಳುಗಳು ಮಲಗಿದಂತೆ ಕಲ್ಲಿನ ರಾಶಿಗಳು ಕಾಣುತ್ತವೆ. ತೇಲುವ ಡ್ರೆಜ್ ಯಂತ್ರ ಮುಂದೆ ಅಗೆಯುತ್ತಾ, ಹಿಂದಿನ ಬೆಲ್ಟಿನಿಂದ ಕಲ್ಲು ಉಗುಳುತ್ತಾ ಎಡಕ್ಕೂ ಬಲಕ್ಕೂ ಬಾಗಿದ್ದರಿಂದ ಆ ಆಕಾರ. 1912ರ ಡ್ರೆಜ್ ನಂ. 4 ಬೊನಾಂಜಾ ಹೊಳೆಯ ದಾರಿಯಲ್ಲೇ ಇದೆ. ಅದೇ ಹೊಳೆಯ ಕ್ಲೇಮ್ (ಚಿನ್ನ ತೆಗೆಯೋಕೆ ಗುರುತು ಹಾಕಿದ ಜಾಗ) 6ರಲ್ಲಿ ಯಾರು ಬೇಕಾದರೂ ಪುಕ್ಕಟೆಯಾಗಿ ಕೈ ಬಾಣಲೆಯಲ್ಲಿ ಚಿನ್ನ ತೊಳೆಯಬಹುದು. ಬೇರೆ ಕಡೆ ಬಾಣಲೆ ಇಳಿಸಬೇಡಿ, ಪ್ರತಿ ತುಂಡು ಹೊಳೆಗೂ ಒಡೆಯನಿದ್ದಾನೆ. ಕಾಡಿನಲ್ಲಿ ಬಿದ್ದ ಹಳೇ ಡಬ್ಬಿ, ಬಾಟಲಿ, ಸಲಿಕೆ ತೆಗೆದುಕೊಂಡು ಬರೋದೂ ಕಾನೂನಿಗೆ ವಿರುದ್ಧ. ಕೀನೊ ಸುತ್ತಲಿನ ಹಳೇ ಸುರಂಗಗಳ ಬಾಯಿಗಂತೂ ಹೋಗಲೇಬೇಡಿ.

ಸೂಜಿಮಣಿ ಉತ್ತರ:

ಎಲ್ಲರೂ ಗಣಿಯ ಬಗ್ಗೆಯೇ ಹೇಳ್ತಿದ್ದೀರಿ! 1896ರ ಆಗಸ್ಟ್ 16ರಂದು ಬೊನಾಂಜಾದಲ್ಲಿ ಚಿನ್ನ ಕಂಡ ಗುಂಪಿನಲ್ಲಿ ಜಾರ್ಜ್ ಕಾರ್‌ಮ್ಯಾಕ್ ಬಿಟ್ರೆ ಉಳಿದವರು ಯೂಕಾನ್‌ನ ಟ್ಯಾಗಿಶ್ ಮೂಲನಿವಾಸಿಗಳು: ಸ್ಕೂಕಮ್ ಜಿಮ್ ಅಂತ ಕರೆಯೋ ಕೀಶ್, ಡಾಸನ್ ಚಾರ್ಲಿ, ಕಾರ್‌ಮ್ಯಾಕ್‌ನ ಹೆಂಡತಿ ಶಾವ್ ಟ್ಲಾ. ಆದ್ದರಿಂದ ಡಾಸನ್ ಸಿಟಿ ಮ್ಯೂಸಿಯಂ ನೋಡಿದ ದಿನವೇ ಡಾಸನ್‌ನ ಮೂಲನಿವಾಸಿಗಳಾದ ಟ್ರೊಂಡೆಕ್ ಹ್ವೆಚಿನ್ ಜನರ ದಾನೋಜಾ ಜೋ ಕೇಂದ್ರವನ್ನೂ ನೋಡಿ. ಹೆಸರಿನ ಅರ್ಥ "ಬಹು ಹಿಂದಿನ ಕಾಲದ ಮನೆ". ಟ್ರೊಂಡೆಕ್-ಕ್ಲಾಂಡೈಕ್ 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು ಬರೀ ಚಿನ್ನದ ದೆಸೆಯಿಂದಲ್ಲ. ವಸಾಹತಿನ ಅಬ್ಬರಕ್ಕೆ ಸಿಕ್ಕ ಈ ಜನ ಹೇಗೆ ತಾಳಿಕೊಂಡರು ಅನ್ನೋದಕ್ಕೆ.

ಟೆಸ್ಲಿನ್‌ನಲ್ಲಿ ಜಾರ್ಜ್ ಜಾನ್ಸ್‌ಟನ್ ಮ್ಯೂಸಿಯಂಗೆ ಅರ್ಧ ದಿನ ಇಡಿ. ಜಾನ್ಸ್‌ಟನ್ ಟ್ಲಿಂಗಿಟ್ ಜನಾಂಗದ ಬೇಟೆಗಾರ, ತುಪ್ಪಳದ ವ್ಯಾಪಾರಿ, ಫೋಟೋಗ್ರಾಫರ್. 1928ರಲ್ಲಿ ಒಂದು ಶೆವರ್ಲೆ ಕಾರು ಕೊಂಡು ಹಬೆ ದೋಣಿಯಲ್ಲಿ ಊರಿಗೆ ತರಿಸಿದ. ಊರಿಗೆ ರಸ್ತೆಯೇ ಇರಲಿಲ್ಲ, ಅಲಾಸ್ಕಾ ಹೆದ್ದಾರಿ ಬಂದದ್ದು 1942ರಲ್ಲಿ. ಕೆಲವು ಕಿ.ಮೀ. ದಾರಿ ತಾನೇ ಕಡಿದ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಸರೋವರವೇ ರಸ್ತೆ, ಬೇಟೆಯ ಪ್ರಾಣಿಗೆ ಕಾಣದಿರಲಿ ಅಂತ ಕಾರಿಗೆ ಬಿಳಿ ಬಣ್ಣ. ಆ ಕಾರು ಅಲ್ಲಿದೆ. ಆದರೆ ಕಾರು ನೋಡಿ ಓಡಬೇಡಿ, ಅವನ ಫೋಟೋಗಳ ಮುಂದೆ ನಿಲ್ಲಿ. ಹೊರಗಿನವರು ತೆಗೆದ ಚಿತ್ರಗಳಲ್ಲಿ ಈ ಜನ ಬಿಗಿದುಕೊಂಡು ನಿಂತಿರ್ತಾರೆ. ಇವನ ಚಿತ್ರಗಳಲ್ಲಿ ಹಾಗಿಲ್ಲ, ತೆಗೆದವನು ಮನೆಯವನು. ಅದೇ ಊರಿನ ಟೆಸ್ಲಿನ್ ಟ್ಲಿಂಗಿಟ್ ಕೇಂದ್ರದಲ್ಲಿ ಸರೋವರದ ದಡದಲ್ಲಿ ಐದು ಕುಲಗಳ ಕೆತ್ತನೆ ಕಂಬಗಳಿವೆ, ಅದಕ್ಕೆ ಮೆಟ್ಟಿಲಿನ ತೊಂದರೆಯೂ ಇಲ್ಲ.

ಫೋಟೋ ತೆಗೆಯೋ ಮುಂಚೆ ಕೇಳಿ, ಪ್ರತಿ ಕೇಂದ್ರದಲ್ಲೂ ಹೊಸದಾಗಿ ಕೇಳಿ. ವಿಧಿಗಳಿಗೆ ಬಳಸೋ ವಸ್ತು, ತೀರಿಕೊಂಡವರ ಚಿತ್ರಗಳ ಬಗ್ಗೆ ಒಂದೊಂದು ಕಡೆ ಒಂದೊಂದು ನಿಯಮ. ಫ್ಲ್ಯಾಶ್ ಬೇಡ. ಗಾಜಿನೊಳಗಿನ ವಸ್ತುವಿಗೆ ಫೋನಿನ ಲೆನ್ಸನ್ನ ಗಾಜಿಗೆ ಮುಟ್ಟಿಸಿ ಹಿಡಿದ್ರೆ ಟ್ಯೂಬ್‌ಲೈಟಿನ ಪ್ರತಿಬಿಂಬ ಬರಲ್ಲ, ಅವರು ಮುಟ್ಟಬೇಡಿ ಅಂದ್ರೆ ಮಾತ್ರ ಬಿಡಿ. ಮಣಿ ಕಸೂತಿ, ಚರ್ಮ, ಹಳೇ ಫೋಟೋ ಇರೋ ಕೋಣೆ ಮಬ್ಬಾಗಿರುತ್ತೆ. ಬಣ್ಣ ಮಾಸದಿರಲಿ ಅಂತ 50 ಲಕ್ಸ್ ಆಸುಪಾಸಿಗೆ ಬೆಳಕು ಇಳಿಸಿರ್ತಾರೆ. ಮೊಬೈಲ್ ಟಾರ್ಚ್ ಹಾಕಬೇಡಿ, ಎರಡು ಮೂರು ನಿಮಿಷ ನಿಂತ್ರೆ ಕಣ್ಣು ಹೊಂದಿಕೊಳ್ಳುತ್ತೆ. ಆಮೇಲೆ ನೋಡಿ: ಒಂದೇ ಮೊಕಾಸಿನ್ ಪಾದರಕ್ಷೆಯಲ್ಲಿ ಹೂವಿನ ಅರ್ಧಕ್ಕೆ ಒಂದು ಕೆಂಪು, ಇನ್ನರ್ಧಕ್ಕೆ ಒಂಚೂರು ಬೇರೆ ಕೆಂಪು ಕಂಡ್ರೆ ಹೊಲಿಯುವಾಗ ಮಣಿ ಮುಗಿದು ಬೇರೆ ಸರಕು ಸೇರಿಸಿರೋ ಸಾಧ್ಯತೆ ಇದೆ. ಹಾಗೇನಾ ಅಂತ ಅಲ್ಲಿದ್ದವರನ್ನ ಕೇಳಿ. ಇಂಥ ಪ್ರಶ್ನೆಗೆ ಅವರೂ ಕುರ್ಚಿ ಬಿಟ್ಟು ಎದ್ದು ಬರ್ತಾರೆ.

ವಸ್ತುವಿನ ಮೂಲೆಯಲ್ಲೋ ಚೀಟಿಯಲ್ಲೋ 1987.12.3 ಥರದ ಸಂಖ್ಯೆ ಇರುತ್ತೆ. ಮೊದಲನೆಯದು ಮ್ಯೂಸಿಯಂಗೆ ಬಂದ ವರ್ಷ, ಎರಡನೆಯದು ಆ ವರ್ಷದ ಎಷ್ಟನೇ ಕೊಡುಗೆ, ಮೂರನೆಯದು ಆ ಕೊಡುಗೆಯೊಳಗೆ ಎಷ್ಟನೇ ವಸ್ತು. ವಸ್ತು ತಯಾರಾದ ವರ್ಷ ಅಲ್ಲ, ಹೊಸಬರು ಎಡವೋದೇ ಇಲ್ಲಿ. ಒಂದು ವಸ್ತು ಹಿಡಿಸಿದ್ರೆ ಆ ಸಂಖ್ಯೆ ಬರ್ಕೊಳ್ಳಿ. ಆಮೇಲೆ ಈಮೇಲ್‌ನಲ್ಲಿ "ಬಾಗಿಲ ಹತ್ತಿರದ ಆ ಪೆಟ್ಟಿಗೆ" ಅಂದ್ರೆ ಯಾರಿಗೂ ತಿಳಿಯಲ್ಲ, ಸಂಖ್ಯೆ ಕೊಟ್ರೆ ಅದರ ಜೊತೆ ಒಂದೇ ಮನೆಯಿಂದ ಬಂದ ಉಳಿದ ವಸ್ತುಗಳೂ ಯಾವುವು ಅಂತ ಹುಡುಕಿ ಹೇಳಬಹುದು.

ಹಳೇ_ಕಬ್ಬಿಣ:

ಭಾಳ ಉಪಕಾರ ಆತ್ರಿ. ಮೇಯೊ ರೂಮು ಮೊದಲ ಬುಕ್ ಮಾಡ್ತೇನಿ. ಮೊಣಕಾಲಿನ ಸಲುವಾಗಿ ಡಾಸನ್‌ದಾಗ ಏನು ಬಿಡಬೇಕು, ಏನು ನೋಡಬೇಕು? 1978ರಾಗ ಮಣ್ಣಿನಾಗ ಸಿಕ್ಕ ಹಳೇ ಸಿನಿಮಾ ರೀಲು ಅಲ್ಲೇ ಅದಾವೇನು?

ಬೀಗದಕೈ ಉತ್ತರ:

ರೀಲು ಅಲ್ಲಿಲ್ಲ. 533 ರೀಲು ಸಿಕ್ಕಿದ್ದವು, ಎಲ್ಲಾ ನೈಟ್ರೇಟ್. ಬೇಗ ಬೆಂಕಿ ಹಿಡಿಯೋ ಸರಕು, ವಿಶೇಷ ಕೋಠಿಯಲ್ಲೇ ಇಡಬೇಕು. ಹಾಗಾಗಿ ಒಟ್ಟಾವದ ರಾಷ್ಟ್ರೀಯ ಸಂಗ್ರಹಕ್ಕೂ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ಗೂ ಹೋದವು. 1929ರಲ್ಲಿ ಈಜುಕೊಳ ಮುಚ್ಚೋಕೆ ಮಣ್ಣಿನ ಜೊತೆ ತುಂಬಿದ್ದ ರೀಲುಗಳು. ಹೆಪ್ಪುಗಟ್ಟಿದ ನೆಲವೇ ಅವಕ್ಕೆ ಫ್ರಿಡ್ಜ್ ಆಯಿತು.

ಮೊಣಕಾಲಿಗೆ: ಎಸ್.ಎಸ್. ಕೀನೊದ ಒಳಗಿನ ಮೆಟ್ಟಿಲು ಕಡಿದು, ಡ್ರೆಜ್‌ನ ಒಳಗೂ ಹತ್ತಿಳಿಯೋದಿದೆ. ಎರಡನ್ನೂ ತಂದೆಯವರು ಹೊರಗಿಂದಲೇ ನೋಡಲಿ, ಆಕಾರ ತಿಳಿಯೋಕೆ ಅದೇ ಚೆನ್ನ. ಡಾಸನ್ ಸಿಟಿ ಮ್ಯೂಸಿಯಂ 1901ರ ಸರ್ಕಾರಿ ಕಟ್ಟಡ, ಮೇಲಿನ ಮಹಡಿಗೆ ಹೇಗೆ ಹೋಗೋದು ಅಂತ ಫೋನಿನಲ್ಲೇ ಕೇಳಿ. ಕ್ಲಾಂಡೈಕ್ ಮೈನ್ಸ್ ರೈಲ್ವೆಯ ಹಳೇ ಎಂಜಿನ್‌ಗಳೂ ಅಲ್ಲೇ ಇವೆ. ಊರಿನ ಬೀದಿ ಮಣ್ಣಿನದು, ಪಕ್ಕದಲ್ಲಿ ಮರದ ಹಲಗೆಯ ಕಾಲುದಾರಿ. ಮಳೆ ಬಂದ್ರೆ ಹಲಗೆ ಜಾರುತ್ತೆ, ಒಂದು ಹಲಗೆಗೂ ಇನ್ನೊಂದಕ್ಕೂ ಎತ್ತರ ಬೇರೆ. ಒಳಗಿನ ಬಿಸಿಗೆ ತಳದ ಹಿಮನೆಲ ಕರಗಿ ಹಳೇ ಕಟ್ಟಡಗಳೇ ವಾಲಿರೋ ಊರದು. ಊರುಗೋಲಿನ ತಳಕ್ಕೆ ಹೊಸ ರಬ್ಬರ್ ಬಿರಡೆ ಹಾಕಿಸಿಕೊಂಡು ಹೊರಡಿ.